ಅಮ್ಮ ಹಾಕಿದ ಹೆಪ್ಪು

ಮೊದಲ ಭೇಟಿಯಲ್ಲೇ ಅವನು ನನ್ನನ್ನು ಕಳ್ಳಿ ಅಂದ. ಬಾಯಿ ಬಿಟ್ಟು ಅನ್ನಲಿಲ್ಲ, ಮೂಗು ಅರಳಿಸಿ ಅಂದ.

ಲೈಬ್ರರಿಯ ಮಹಡಿ ಮೇಲಿನ ಹಾಲ್‌ನಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಹುಟ್ಟಿದಾಗಿಂದ ಮೊಟ್ಟೆ ಮಾಂಸ ಮುಟ್ಟದವರು, ಈಗ ಹಾಲು, ಮೊಸರು, ಬೆಣ್ಣೆ ಎಲ್ಲವನ್ನೂ ಬಿಟ್ಟು ವೀಗನ್ ಆಗಬೇಕು ಅಂತ ಹೊರಟವರ ಗುಂಪು ಅದು. ನಡೆಸುತ್ತಿದ್ದವರು ರಿಟೈರ್ ಆದ ಡ್ರಿಲ್ ಟೀಚರ್. ಎಲ್ಲರ ಬಾಯಲ್ಲೂ ಟೀಚರಮ್ಮ. ಹೊಸಬರಿಗೆ ಹಳಬರೊಬ್ಬರನ್ನು ಜೊತೆ ಹಾಕುವುದು ಅವರ ಪದ್ಧತಿ. ಆಸೆ ತಡೆಯೋಕಾಗದಿದ್ದಾಗ ಜೊತೆಗಾರನಿಗೆ ಫೋನ್ ಮಾಡಬೇಕು. ಅವನು "ಏನು ಬೇಕು ಅನ್ನಿಸ್ತಿದೆ?" ಅಂತ ಕೇಳಬೇಕು. ಆಮೇಲೆ ಆ ಆಸೆ ಇಳಿಯುವವರೆಗೂ ಫೋನ್ ಇಡುವ ಹಾಗಿಲ್ಲ.

"ನಿಮಗೆ ಇವನು," ಅಂದರು ಟೀಚರಮ್ಮ. "ಬೀಗದವನು. ಹಳೇ ಬಸ್ ಸ್ಟ್ಯಾಂಡ್ ಹತ್ರ ಕೀ ಮಾಡೋ ಅಂಗಡಿ. ಹಾಲು ಬಿಟ್ಟು ಯಾವ ಕಾಲ ಆಯ್ತೋ."

ಅವನು ಪಕ್ಕದ ಕುರ್ಚಿಗೆ ಬಂದು ಕೂತ. ಮೂಗು ಅರಳಿಸಿದ. "ಮೇಡಂ, ಪೂರ್ತಿ ಬಿಟ್ಟಿದೀರಾ?"

"ತಿಂಗಳ ಮೇಲಾಯ್ತು."

"ನಿಮ್ಮ ಬೆರಳಲ್ಲಿ ಮೊಸರಿನ ವಾಸನೆ ಇದೆ."

ನನಗೆ ಮೈಯೆಲ್ಲ ಉರಿದುಹೋಯಿತು. "ನೀವು ಬೀಗ ರಿಪೇರಿಯವರೋ, ಪೊಲೀಸ್ ನಾಯಿಯೋ?"

ಅವನು ನಕ್ಕ. ನಗುವಾಗ ಅವನ ಕಣ್ಣು ಪೂರ್ತಿ ಮುಚ್ಚಿಹೋಗುತ್ತವೆ. ಅಷ್ಟು ಹೊತ್ತೂ ಧಾರಾಳವಾಗಿ ನೋಡಬಹುದು, ಸಿಕ್ಕಿಬೀಳುವ ಭಯವಿಲ್ಲ. ನಾನು ನೋಡಿದೆ. ಕಣ್ಣು ತೆರೆದಾಗ ಸಿಕ್ಕಿಬಿದ್ದೆ, ಅದು ಬೇರೆ ಮಾತು.

ಅವನು ಹೇಳಿದ್ದು ನಿಜವೇ. ನಾನು ಮೊಸರು ತಿನ್ನುತ್ತಿರಲಿಲ್ಲ, ಆದರೆ ದಿನಾ ಸಂಜೆ ಹಾಲಿಗೆ ಹೆಪ್ಪು ಹಾಕುತ್ತಿದ್ದೆ. ಅಮ್ಮ ಆಸ್ಪತ್ರೆಗೆ ಹೋಗುವ ಹಿಂದಿನ ಸಂಜೆ ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿಟ್ಟಿದ್ದಳು. ಆಸ್ಪತ್ರೆಯಿಂದ ಅವಳು ವಾಪಸ್ ಬರಲಿಲ್ಲ. ಎಲ್ಲ ಮುಗಿಸಿ ಮನೆಗೆ ಬಂದು ಮುಚ್ಚಳ ತೆಗೆದರೆ ಮೊಸರು ಗಟ್ಟಿಯಾಗಿ ಕೂತಿತ್ತು. ಅದರಿಂದ ಒಂದು ಚಮಚ ತೆಗೆದು ಹೊಸ ಹಾಲಿಗೆ ಹಾಕಿದೆ. ಮಾರನೇ ದಿನ ಅದರಿಂದ ಇನ್ನೊಂದು ಚಮಚ. ಹೀಗೆ ಅಮ್ಮನ ಕಡೇ ಕುಡಿಕೆ ಮುಗಿಯದ ಹಾಗೆ ನೋಡಿಕೊಂಡೆ. ಅವಳ ಥರಾನೇ ಬೆರಳಲ್ಲಿ ಕಲಸುತ್ತಿದ್ದೆ. "ಚಮಚಕ್ಕೆ ಏನು ಗೊತ್ತಾಗುತ್ತೆ ಬಿಸಿ, ಬೆರಳಿಗೆ ಗೊತ್ತಾಗಬೇಕು," ಅಂತಿದ್ದಳು.

ಇನ್ನೊಂದು ವಿಷಯ ಯಾರಿಗೂ ಹೇಳಿರಲಿಲ್ಲ. ನನ್ನದು ಬಟ್ಟೆ ಆಲ್ಟರೇಷನ್ ಅಂಗಡಿ. ಮದುವೆ ಸೀಸನ್‌ನಲ್ಲಿ ಕೈ ತುಂಬ ಕೆಲಸ. ಎಷ್ಟೋ ಸಂಜೆ ಹಾಲನ್ನು ಕುಡಿಕೆಗೆ ಸುರಿದು, ಹೆಪ್ಪು ಹಾಕುವುದನ್ನೇ ಮರೆತು ಮಲಗಿಬಿಡುತ್ತಿದ್ದೆ. ಬೆಳಿಗ್ಗೆ ಎದ್ದು, ಅಯ್ಯೋ ದೇವರೇ ಅಂತ ಅಡುಗೆಮನೆಗೆ ಓಡಿದರೆ ಮೊಸರು ಆಗಿರುತ್ತಿತ್ತು. ಮುಚ್ಚಳ ಅಮ್ಮ ಇಡುತ್ತಿದ್ದ ಹಾಗೆ ಸ್ವಲ್ಪ ಓರೆಯಾಗಿರುತ್ತಿತ್ತು. ಮೊದಲ ಸಲ ಹೆದರಿ ಮಧ್ಯಾಹ್ನದವರೆಗೆ ಕುಡಿಕೆ ಮುಟ್ಟಲಿಲ್ಲ. ಆಮೇಲೆ ಅಭ್ಯಾಸವಾಯಿತು. ಹಾಲು ಆರಿಸುವಾಗ ಬೆನ್ನ ಹಿಂದೆ ಯಾರೋ ನಿಂತ ಹಾಗಾಗುತ್ತಿತ್ತು. ನಾನು ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಇರಲ್ಲ ಅಂತ ಗೊತ್ತಿತ್ತು.

ಇಷ್ಟೆಲ್ಲ ಇದ್ದೂ ಹಾಲು ಬಿಡೋಕೆ ಯಾಕೆ ಹೊರಟೆ ಅಂತೀರಾ? ಒಂದು ಡೇರಿಯ ಆಫೀಸಿಗೆ ಪರದೆ ಅಳತೆ ತಗೊಳ್ಳೋಕೆ ಹೋಗಿದ್ದೆ. ಹಿಂದುಗಡೆ ಕಟ್ಟೆಯ ಆಚೆ ಕರುಗಳನ್ನು ಬೇರೆ ಕೂಡಿಹಾಕಿದ್ದರು. ಸುಮ್ಮನೆ ಕೈ ಚಾಚಿದೆ. ಒಂದು ಕರು ಬಂದು ನನ್ನ ಬೆರಳು ಚೀಪತೊಡಗಿತು. ಬಿಡಲೇ ಇಲ್ಲ. ಎಳೆದುಕೊಂಡು ಬರುವಾಗ ಹಿಂದಿನಿಂದ ಕೂಗಿತು. ಅವತ್ತಿನಿಂದ ಸಂಜೆ ಹಾಲಿಗೆ ಬೆರಳು ಅದ್ದಿದರೆ, ಒಳಗೆ ಯಾರೋ ಚೀಪುತ್ತಾರೆ. ಬಿಸಿ ನಾಲಿಗೆ, ಹಲ್ಲಿಲ್ಲದ ಒಸಡು. ಒಂದು ಕಡೆ ಅಮ್ಮ, ಇನ್ನೊಂದು ಕಡೆ ಆ ಕರು. ನಾನು ಏನು ಮಾಡಲಿ ಹೇಳಿ. ಹೆಪ್ಪು ನಿಲ್ಲಿಸಿದರೆ ಅಮ್ಮ ಇನ್ನೊಂದು ಸಲ ಸಾಯುತ್ತಾಳೆ.

ಗುಂಪಿಗೆ ಈ ಕುಡಿಕೆಯ ಸುದ್ದಿ ಹೇಳಲಿಲ್ಲ. ಅಪ್ಪನಿಗೆ ಮೊಸರು ಬೇಕಲ್ಲ ಅಂತ ನನಗೆ ನಾನೇ ಹೇಳಿಕೊಂಡು ಸುಮ್ಮನಾದೆ.

ಫೋನ್ ಮಾತ್ರ ಮಾಡುತ್ತಿದ್ದೆ. ಮೊದಮೊದಲು ಆಸೆಯಾದಾಗ, ಆಮೇಲಾಮೇಲೆ ಆಸೆಯ ನೆಪದಲ್ಲಿ.

"ಏನು ಬೇಕು ಅನ್ನಿಸ್ತಿದೆ ಮೇಡಂ?"

"ಐಸ್‌ಕ್ರೀಮ್."

"ಹೊರಗೆ ಚಳಿ ಕೊರೀತಿದೆ. ಸುಳ್ಳು ಹೇಳೋದಾದ್ರೂ ಸ್ವಲ್ಪ ನೋಡಿ ಹೇಳಬಾರದಾ?"

"ಸರಿ, ಬಿಸಿ ಹಾಲು."

"ಹಾಂ, ಇದು ನಂಬಬಹುದು. ತಡೀರಿ, ಒಬ್ಬರು ಕಾರ್ ಕೀ ಕಳಕೊಂಡು ಬಂದಿದಾರೆ, ಕಾರನ್ನೂ ಕಳಕೊಂಡಿರೋ ಥರ ಮುಖ ಮಾಡ್ಕೊಂಡು ನಿಂತಿದಾರೆ."

ಕೀ ಕೊರೆಯುವ ಮಷೀನ್ ಕಿರ್ರೆನ್ನುತ್ತಿತ್ತು. ಆ ಸದ್ದಿನ ಹಿಂದೆ ಅವನ ಮಾತು. ನನ್ನ ಹೊಲಿಗೆ ಮಷೀನ್ ತಾನಾಗೇ ನಿಂತಿರುತ್ತಿತ್ತು. ಗುಂಪಿನವರೇನು ದಡ್ಡರೇ? ಅವನು ಹಾಲ್ ಒಳಗೆ ಬಂದರೆ ಸಾಕು, "ಟೈಲರಮ್ಮನ ಬೀಗರು ಬಂದ್ರು, ಜಾಗ ಬಿಡ್ರಪ್ಪ," ಅಂತಿದ್ದರು. ನಾನು ಕೆಂಪಾಗುತ್ತಿದ್ದೆ. ಅವನು ಕಣ್ಣು ಮುಚ್ಚಿ ನಗುತ್ತಿದ್ದ.

ಒಂದು ಮಧ್ಯಾಹ್ನ ಜಾಕೆಟ್ ಹಿಡಿದುಕೊಂಡು ನನ್ನ ಅಂಗಡಿಗೇ ಬಂದ. "ತೋಳು ಉದ್ದ ಆಯ್ತು. ಸ್ವಲ್ಪ ಚಿಕ್ಕದು ಮಾಡಿ."

"ಜಾಕೆಟ್ ಹಳೇದು. ಇಷ್ಟು ವರ್ಷ ಉದ್ದ ಆಗದೇ ಇದ್ದದ್ದು ಈಗ ಆಯ್ತಾ?"

"ನಾನು ಕುಗ್ಗಿದೀನೇನೋ. ಅಳತೆ ತಗೊಳ್ಳಿ."

ಟೇಪ್ ಹಿಡಿದು ಭುಜದಿಂದ ಮಣಿಕಟ್ಟಿನವರೆಗೆ ಬಂದೆ. ಅವನು ಉಸಿರು ಬಿಗಿಹಿಡಿದಿದ್ದ. ಅಳತೆ ಬರೆದುಕೊಳ್ಳಲು ಮರೆತು ಮತ್ತೆ ಭುಜದಿಂದ ಶುರು ಮಾಡಿದೆ. "ಬೇಕಾದ್ರೆ ಇನ್ನೊಂದು ಸಲ ತಗೊಳ್ಳಿ, ನಂದೇನೂ ಅವಸರ ಇಲ್ಲ," ಅಂದ ಮೆಲ್ಲಗೆ. ಆಗಲೇ ನಾನು ಅವನ ಬಲಗೈ ನೋಡಿದ್ದು. ತೋರುಬೆರಳನ್ನು ಅಂಗೈ ಒಳಗೆ ಮಡಚಿಕೊಂಡಿದ್ದ. ಗುಂಪಿನಲ್ಲಿ ಕೂತಾಗಲೂ ಅವನು ಆ ಬೆರಳನ್ನು ಮಡಚಿಯೇ ಇಟ್ಟುಕೊಂಡಿರುತ್ತಿದ್ದ ಅಂತ ನೆನಪಾಯಿತು.

"ಬೆರಳಿಗೆ ಏನಾಗಿದೆ?"

ನಗು ಹೋಯಿತು. ಬೆರಳನ್ನು ಇನ್ನೂ ಒಳಗೆ ಮಡಚಿಕೊಂಡು ಹೇಳಿದ. "ಮೊದಲು ಡೇರಿ ಫಾರ್ಮಲ್ಲಿದ್ದೆ ಮೇಡಂ. ಕರು ಹುಟ್ಟಿದ ತಕ್ಷಣ ತಾಯಿ ಹತ್ರದಿಂದ ಬೇರೆ ಮಾಡೋದು ನನ್ನ ಕೆಲಸ. ಎಳೀಬೇಕಿಲ್ಲ, ಹೊಡೀಬೇಕಿಲ್ಲ. ಈ ಬೆರಳು ಬಾಯಿಗೆ ಕೊಟ್ರೆ ಸಾಕು, ಮೊಲೆ ಅಂದ್ಕೊಂಡು ಚೀಪ್ತಾ ಹಿಂದೆನೇ ಬರ್ತವೆ. ತಾಯಿ ಗೇಟ್ ಹತ್ರ ನಿಂತು ಕೂಗುತ್ತೆ. ಒಂದು ಬಿಳಿ ಹಸು ದನಿ ಬಿದ್ದುಹೋಗೋವರೆಗೂ ಕೂಗಿತು. ಅವತ್ತೇ ಕೆಲಸ ಬಿಟ್ಟೆ. ಆದ್ರೆ ಅದು ನನ್ನ ಬಿಡಲಿಲ್ಲ. ಸಂಜೆ ಮಷೀನ್ ಆಫ್ ಮಾಡಿದ ಕೂಡಲೇ ಕೂಗುತ್ತೆ."

ನನ್ನ ಬೆರಳಿನ ಸುದ್ದಿ ಹೇಳಬೇಕು ಅಂತ ಬಾಯಿಗೆ ಬಂತು. ಹೇಳಿದರೆ ಕುಡಿಕೆಯ ಸುದ್ದಿಯೂ ಹೇಳಬೇಕಾಗುತ್ತಿತ್ತು. ನುಂಗಿಕೊಂಡೆ. ಅವತ್ತು ಹೇಳಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ.

ಆ ಗುಂಪಿನಲ್ಲಿ 'ಅಡುಗೆಮನೆ ದಿನ' ಅಂತ ಒಂದಿದೆ. ಜೊತೆಗಾರ ನಮ್ಮ ಮನೆಗೆ ಬಂದು ಹಾಲಿನ ಪದಾರ್ಥವನ್ನೆಲ್ಲ ತೆಗೆದು ಪಾತ್ರೆ ತೊಳೆದು ಹೋಗಬೇಕು. ಮನೆಯವರು ಅಡುಗೆಮನೆಗೆ ಕಾಲಿಡುವ ಹಾಗಿಲ್ಲ. ಬಿಟ್ಟರೆ ಇದೊಂದು ಇರಲಿ, ಅದೊಂದು ಇರಲಿ ಅಂತ ಅರ್ಧ ಉಳಿಸಿಕೊಳ್ಳುತ್ತಾರಂತೆ. ಅವನು ಬರುವ ದಿನ ನಾನು ಕುಡಿಕೆಯನ್ನು ಅಡುಗೆಮನೆಯ ಅಟ್ಟದ ಮೇಲೆ, ಖಾಲಿ ಡಬ್ಬಗಳ ಹಿಂದೆ, ಬಟ್ಟೆ ಮುಚ್ಚಿ ಇಟ್ಟೆ. ಅಪ್ಪ ವಾಕಿಂಗ್ ಹೋಗಿದ್ದರು.

ನಡುಮನೆಯಲ್ಲಿ ಯಾರದೋ ಲಂಗದ ಅಂಚು ಹೊಲಿಯುತ್ತಾ ಕೂತೆ. ಒಳಗೆ ಪಾತ್ರೆಗಳ ಸದ್ದು, ನೀರಿನ ಸದ್ದು. ಅಮ್ಮ ಹೋದ ಮೇಲೆ ಆ ಅಡುಗೆಮನೆಯಲ್ಲಿ ಬೇರೆಯವರ ಸದ್ದು ಕೇಳಿ ಯಾವ ಕಾಲವಾಗಿತ್ತೋ. ಖುಷಿಯಾಗುತ್ತಿತ್ತು ಅಂತ ಒಪ್ಪಿಕೊಳ್ಳುತ್ತೇನೆ. ಅವನು ಬಾಗಿಲಿಂದ ತಲೆ ಹಾಕಿದ. "ತುಪ್ಪದ ಡಬ್ಬಿ ಹೊರಟಿದೆ. ಕಡೇ ಸಲ ಟಾಟಾ ಮಾಡ್ತೀರಾ?"

"ನಾನು ಆ ಕಡೆ ನೋಡೋ ಹಾಗಿಲ್ಲ. ನಿಮ್ಮದೇ ರೂಲು."

"ತುಪ್ಪ ನೋಡೋ ಹಾಗಿಲ್ಲ. ನನ್ನ ನೋಡಬಹುದು."

"ನೋಡೋಕೆ ಏನಿದೆ ಅಲ್ಲಿ?" ಅಂದೆ, ನೋಡುತ್ತಲೇ. ಮೊಣಕೈವರೆಗೆ ತೋಳು ಮಡಚಿದ್ದ, ಕೆನ್ನೆಗೆ ಸೋಪಿನ ನೊರೆ ಮೆತ್ತಿತ್ತು. ಸೂಜಿ ಬೆರಳಿಗೆ ಚುಚ್ಚಿತು.

ಆಮೇಲೆ ಮಣ್ಣನ್ನು ತಿಕ್ಕುವ ಸದ್ದು ಬಂತು. ಗರಗರ ಅಂತ. ರೂಲು ಗೀಲು ಎಲ್ಲ ಬಿಟ್ಟು ಒಳಗೆ ಓಡಿದೆ. ಕುಡಿಕೆ ಕಿಟಕಿಯ ಬಿಸಿಲಲ್ಲಿ ಬೋರಲು ಬಿದ್ದಿತ್ತು. ಅದರಿಂದ ಬಿಸಿನೀರು ತೊಟ್ಟಿಕ್ಕುತ್ತಿತ್ತು.

"ಇದು ಎಲ್ಲಿತ್ತು?" ನನ್ನ ದನಿ ನನ್ನದಾಗಿರಲಿಲ್ಲ.

"ಅಟ್ಟದ ಮೇಲೆ. ಬಚ್ಚಿಟ್ಟದ್ದನ್ನೇ ಮೊದಲು ತೆಗೀಬೇಕು ಅಂತ ಟೀಚರಮ್ಮ ಹಳಬರಿಗೆಲ್ಲ ಹೇಳಿದಾರೆ. ಬಿಡೋಕೆ ಕೈ ಬರದೇ ಇದ್ದಾಗ ಬಚ್ಚಿಡ್ತಾರಂತೆ, ಜೊತೆಗಾರ ಕೇಳದೇ ತೆಗೀಬೇಕಂತೆ. ನೀವೂ ಹಾಗೇ ಅಂದ್ಕೊಂಡು..." ನನ್ನ ಮುಖ ನೋಡಿ ಮಾತು ನಿಲ್ಲಿಸಿದ.

"ಅದು ಅಮ್ಮ ಹಾಕಿದ ಹೆಪ್ಪು!" ಅಂತ ಕಿರುಚಿದೆ. "ಸಾಯೋ ಮುಂಚೆ ಅವಳು ಹಾಕಿದ್ದು. ಒಂದು ದಿನ ಬಿಡದೆ ಕಾಪಾಡ್ಕೊಂಡು ಬಂದಿದ್ದೆ. ಸಿಂಕಿಗೆ ಸುರಿದುಬಿಟ್ರಲ್ಲ ಪುಣ್ಯಾತ್ಮ, ನನ್ನ ಅಮ್ಮನ್ನ ಸಿಂಕಿಗೆ ಸುರಿದುಬಿಟ್ರಲ್ಲ!"

ಅವನು ಒಂದು ಹೆಜ್ಜೆ ಹಿಂದೆ ಸರಿದ. ಬಲಗೈ ಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡ. "ಮತ್ತೆ ಅದನ್ನೇ ಮಾಡಿದೆ," ಅಂದ. "ತಾಯಿನ ಮಗೂನ ಬೇರೆ ಮಾಡಿದೆ." ಒದ್ದೆ ಕೈ ಒರೆಸಿಕೊಳ್ಳದೆ ಮೆಟ್ಟಿಲಿಳಿದು ಹೋದ. ನಾನು ಕರೆಯಲಿಲ್ಲ. ಕರೆಯುವಷ್ಟು ಒಳ್ಳೆಯವಳು ನಾನಲ್ಲ.

ಸಂಜೆಯಾಯಿತು. ಆ ಹೊತ್ತಿಗೆ ಕೈ ಸುಮ್ಮನಿರುವುದಿಲ್ಲ, ಏನು ಮಾಡೋದು. ಮನೆಯಲ್ಲಿ ಹಸುವಿನ ಹಾಲು ಒಂದು ತೊಟ್ಟೂ ಇರಲಿಲ್ಲ. ಅವನೇ ತಂದಿಟ್ಟ ಸೋಯಾ ಹಾಲಿನ ಪ್ಯಾಕೆಟ್ ಇತ್ತು. ಸಿಟ್ಟಿಗೋ ಹಟಕ್ಕೋ ಅದನ್ನೇ ಬೆಚ್ಚಗೆ ಮಾಡಿ ಖಾಲಿ ಕುಡಿಕೆಗೆ ಸುರಿದೆ. ಬೆರಳು ಅದ್ದಿದೆ. ಯಾರೂ ಚೀಪಲಿಲ್ಲ. ಬೆನ್ನ ಹಿಂದೆ ಯಾರೂ ಇರಲಿಲ್ಲ. ಮೊದಲ ಸಲ ತಿರುಗಿ ನೋಡಿದೆ. ಬರೀ ಗೋಡೆ, ಕ್ಯಾಲೆಂಡರ್. ಮುಚ್ಚಳ ಹಾಕಿ ಅಳುತ್ತಾ ಮಲಗಿದೆ.

ಬೆಳಿಗ್ಗೆ ಎದ್ದಾಗ ಮುಚ್ಚಳ ಓರೆಯಾಗಿತ್ತು. ತೆಗೆದರೆ ಹಾಲು ಹೆಪ್ಪುಗಟ್ಟಿತ್ತು. ಕುಡಿಕೆ ವಾಲಿಸಿದರೂ ಅಲುಗಲಿಲ್ಲ.

"ಅಪ್ಪಾ!" ಅಂತ ಕೂಗಿಕೊಂಡೆ.

ಅಪ್ಪ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದವರು. ಮೊದಲೇ ಮಾತು ಕಡಿಮೆ, ಅಮ್ಮ ಹೋದ ಮೇಲೆ ಇನ್ನೂ ಕಡಿಮೆ. ಕನ್ನಡಕ ಏರಿಸಿಕೊಂಡು ಬಂದರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಮರೆತ ದಿನಗಳು, ಓರೆ ಮುಚ್ಚಳ, ಬೆನ್ನ ಹಿಂದಿನ ಅಮ್ಮ. ಅಪ್ಪ ಕುರ್ಚಿ ಎಳೆದುಕೊಂಡು ಕೂತರು.

"ನೀನು ಮರೆತಾಗೆಲ್ಲ ನಾನೇ ಹಾಕ್ತಿದ್ದೆ ಕಣಮ್ಮ. ಬಟ್ಟಲಲ್ಲಿ ಹಳೇ ಮೊಸರು ಇರ್ತಿತ್ತಲ್ಲ, ಅದರಿಂದ. ಮುಚ್ಚಳ ಓರೆ ಇಟ್ರೆ ಗಾಳಿ ಆಡುತ್ತೆ ಅಂತ ಅವಳೇ ಹೇಳಿದ್ಲು. ನಿಂಗೆ ಬೆಳಿಗ್ಗೆ ಮೊಸರಾಗದೇ ಇದ್ರೆ ಸಂಕಟ ಆಗುತ್ತೆ ಅಂತ..."

"ನನಗಾ? ನಾನು ನಿಮಗೆ ಬೇಕಲ್ಲ ಅಂತ ಹಾಕ್ತಿದ್ದೆ!"

"ಅವಳು ಹೋದಮೇಲೆ ನಾನು ಮೊಸರು ಮುಟ್ಟಿದ್ದು ನೋಡಿದ್ಯಾ? ಗಂಟಲಲ್ಲಿ ಇಳಿಯಲ್ಲ. ಹಿತ್ತಲ ಬೆಕ್ಕು ಯಾಕೆ ಅಷ್ಟು ದಪ್ಪಗಾಗಿದೆ ಅಂದ್ಕೊಂಡೆ?"

ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರು ಅತ್ತದ್ದು ನಾನು ಅವತ್ತೇ ನೋಡಿದ್ದು. ಅಮ್ಮನ ದೆವ್ವ ಅಂತ ಇಷ್ಟು ದಿನ ನಾನು ಪ್ರೀತಿಯಿಂದ ಹೆದರಿದ್ದು ಈ ಮನುಷ್ಯನಿಗೆ. ಸಮಾಧಾನವೂ ಆಯಿತು, ಏನೋ ಕಳೆದುಕೊಂಡ ಹಾಗೂ ಆಯಿತು.

"ಸದ್ಯ, ನಿನ್ನೆ ಕೂಡ ನೀವೇ ಹಾಕಿದ್ರಲ್ಲ," ಅಂದೆ.

ಅಪ್ಪ ಕುಡಿಕೆ ನೋಡಿದರು. ನನ್ನ ನೋಡಿದರು. "ನಿನ್ನೆ ನಾನು ಅಡುಗೆಮನೆಗೇ ಬಂದಿಲ್ಲ. ಹಾಕೋಕೆ ಮನೇಲಿ ಏನಿತ್ತು? ಆ ಹುಡುಗ ಬಟ್ಟಲೂ ತೊಳೆದಿಟ್ಟು ಹೋದ ಅಂತ ನೀನೇ ಹೇಳಿದ್ಯಲ್ಲ."

ಕಿಟಕಿಯಿಂದ ಬಿಸಿಲು ಬರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಎದ್ದು, ಮುಚ್ಚಳವನ್ನು ಮೊದಲಿನ ಹಾಗೇ ಓರೆಯಾಗಿಟ್ಟು, "ಅವಳಿಗೆ ಯಾವ ಹಾಲಾದ್ರೇನು," ಅಂತ ಹೇಳಿ ಹೊರಗೆ ಹೋದರು.

ಅವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಜೊತೆಗಾರ ಫೋನ್ ಎತ್ತದೇ ಇರುವುದು ಆ ಗುಂಪಿನಲ್ಲಿ ನಡೆದೇ ಇರಲಿಲ್ಲವಂತೆ. "ನಿಮ್ಮ ಜೊತೆಗಾರ ಆಗಿರೋದು ಬೇಡ ಅಂತ ಅವನೇ ಬಂದು ಬಿಡಿಸ್ಕೊಂಡ," ಅಂದರು ಟೀಚರಮ್ಮ ಮುಂದಿನ ಭೇಟಿಯಲ್ಲಿ. "ನಿಮಗೆ ಬೇರೆ ಯಾರನ್ನಾದ್ರೂ ಹಾಕ್ತೀನಿ."

"ಬೇಡ. ಅವರನ್ನ ಬಿಟ್ಟು ನನಗೆ ಯಾರೂ ಬೇಡ," ಅಂದೆ. ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಬಿಡು ಅಂದುಕೊಂಡೆ.

ತಕ್ಷಣ ಓಡಿಹೋಗಲಿಲ್ಲ. ದಿನಾ ಸಂಜೆ ಒಂದು ಚಮಚ ಹೆಪ್ಪನ್ನು ಹೊಸ ಸೋಯಾ ಹಾಲಿಗೆ ಬದಲಾಯಿಸುತ್ತಾ ಬಂದೆ. ಹಸುವಿನದು ಅಂತ ಅದರಲ್ಲಿ ಏನೂ ಉಳಿದಿಲ್ಲ ಅನ್ನಿಸಿದ ದಿನ ಕುಡಿಕೆಯನ್ನು ಬಟ್ಟೆಯಲ್ಲಿ ಕಟ್ಟಿ, ಫ್ಲಾಸ್ಕಿಗೆ ಬೆಚ್ಚಗಿನ ಸೋಯಾ ಹಾಲು ತುಂಬಿಕೊಂಡು ಹೊರಟೆ.

ಅವನು ಮಷೀನ್ ಮುಂದೆ ಬಗ್ಗಿ ಕೂತಿದ್ದ. ಗಿರಾಕಿ ಯಾರೂ ಇರಲಿಲ್ಲ. ಮಷೀನ್‌ನಲ್ಲಿ ಕೀ ಕೂಡ ಇರಲಿಲ್ಲ. ಸದ್ದಿಗೋಸ್ಕರ ಸುಮ್ಮನೆ ಓಡುತ್ತಿತ್ತು. ಗಡ್ಡ ಬೆಳೆದಿತ್ತು, ಕಣ್ಣು ಗುಳಿ ಬಿದ್ದಿದ್ದವು. ನಾನು ಹೋಗಿ ಸ್ವಿಚ್ ಆರಿಸಿದೆ.

"ಬೇಡ ಮೇಡಂ, ಆನ್ ಮಾಡಿ."

"ಕೂಗ್ತಿದೆಯಾ?"

"ಹೂಂ."

"ಕೂಗಲಿ. ನಾನೂ ಕೂತ್ಕೊತೀನಿ." ಸ್ಟೂಲ್ ಎಳೆದುಕೊಂಡು ಅವನ ಪಕ್ಕ ಕೂತೆ. ಗೋಡೆ ತುಂಬ ತೂಗಿದ್ದ ಕೀಗಳು ಒಂದೂ ಅಲುಗುತ್ತಿರಲಿಲ್ಲ. ನನಗೇನೂ ಕೇಳಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ದೂರದಲ್ಲಿ, ಬಹಳ ದೂರದಲ್ಲಿ, ದನಿ ಬಿದ್ದುಹೋದ ಒಂದು ಕೂಗು. ನನ್ನ ಕೈ ಅವನ ತೋಳನ್ನು ಹಿಡಿದುಕೊಂಡಿತು.

"ನಿಮಗೂ ಕೇಳಿಸ್ತಾ?" ಅಂದ ಪಿಸುದನಿಯಲ್ಲಿ.

"ಕೇಳಿಸ್ತು. ಇಷ್ಟು ದಿನ ಒಬ್ಬರೇ ಹೇಗೆ ಕೇಳ್ಕೊಂಡಿದ್ರಿ?"

ಅವನು ಮುಖ ಆ ಕಡೆ ತಿರುಗಿಸಿದ. ನಾನು ಬಟ್ಟೆ ಬಿಚ್ಚಿ ಕುಡಿಕೆಯನ್ನು ಮುಂದಿಟ್ಟೆ. ಆ ಬೆಳಿಗ್ಗೆ ಏನಾಯಿತು, ಅಪ್ಪ ಏನಂದರು, ಕರು ನನ್ನ ಬೆರಳು ಹೇಗೆ ಚೀಪಿತು, ಎಲ್ಲವನ್ನೂ ಹೇಳಿದೆ. ಅವನು ಕುಡಿಕೆಯ ಹೊರಮೈ ಮೇಲೆ ಕೈಯಾಡಿಸಿದ.

"ಮಣ್ಣಲ್ವಾ," ಅಂದ. "ಎಷ್ಟೇ ತಿಕ್ಕಿದ್ರೂ ಒಳಗೊಳಗೆ ಹೀರ್ಕೊಂಡಿರುತ್ತೆ. ಅದರಿಂದ್ಲೇ ಹೆಪ್ಪಾಗಿರಬೇಕು."

"ಮುಚ್ಚಳ ಓರೆ ಆಗಿದ್ದು?"

ಅವನು ಮುಚ್ಚಳ ಎತ್ತಿ, ಮತ್ತೆ ಓರೆಯಾಗಿಯೇ ಇಟ್ಟ.

"ನೀವು ನನ್ನನ್ನ ಅಮ್ಮನಿಂದ ಬೇರೆ ಮಾಡಲಿಲ್ಲ," ಅಂದೆ. "ನೀವು ತೊಳೆದಿದ್ದಕ್ಕೇ ಅವಳು ಇನ್ನೊಂದು ಹಾಲಿಗೆ ಬಂದಳು. ಈಗ ಕೈ ಕೊಡಿ. ಅದಲ್ಲ. ಬಲಗೈ."

"ಈ ಬೆರಳಿಂದಾನಾ?"

"ಆ ಬೆರಳಿಂದಾನೇ."

ಅರ್ಧ ಮೊಸರನ್ನು ಅಲ್ಲೇ ಇದ್ದ ಬಟ್ಟಲಿಗೆ ತೆಗೆದು ಅವನ ಮುಂದಿಟ್ಟೆ. ಒಂದು ಚಮಚ ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನೂ ಅದಕ್ಕೇ ಹಾಕಿದೆ. ಫ್ಲಾಸ್ಕಿನಿಂದ ಹಾಲು ಸುರಿದೆ. ಅವನ ಮಡಚಿದ ಬೆರಳನ್ನು ಒಂದೊಂದೇ ಗೆಣ್ಣಾಗಿ ಬಿಡಿಸಿ, ನನ್ನ ಬೆರಳಿನ ಜೊತೆ ಕುಡಿಕೆಯೊಳಗೆ ಇಳಿಸಿದೆ. ಅವನು ಉಸಿರು ಎಳೆದುಕೊಂಡ.

"ಚೀಪ್ತಿದೆ," ಅಂದ. ಕಣ್ಣಿಂದ ನೀರು ಸುರಿಯುತ್ತಿತ್ತು. "ಮೇಡಂ, ಯಾರೋ ಚೀಪ್ತಿದಾರೆ."

"ಗೊತ್ತು. ಕಿತ್ಕೋಬೇಡಿ. ಈ ಸಲ ಎಲ್ಲಿಗೂ ಕರ್ಕೊಂಡು ಹೋಗ್ಬೇಡಿ, ಸುಮ್ಮನೆ ಹಾಗೇ ಇರಿ."

ಹಾಲು ಆರುವವರೆಗೂ ಹಾಗೇ ಇದ್ದೆವು. ಆಮೇಲೆ ಅವನು ಬಟ್ಟಲಿನ ಮೊಸರು ತಿಂದ, ತಳ ಕಾಣುವ ತನಕ ಕೆರೆದು ತಿಂದ. ನಾನು ಎದ್ದು ಹೊರಡುವಾಗ ಕುಡಿಕೆ ಅಲ್ಲೇ ಬಿಟ್ಟೆ. ಅಮ್ಮ ಹೋದ ಮೇಲೆ ಅದು ನಮ್ಮ ಮನೆಯ ಹೊರಗೆ ಎಂದೂ ಉಳಿದಿರಲಿಲ್ಲ.

"ಬಿಟ್ಟು ಹೋಗ್ತೀರಾ? ನನ್ನ ನಂಬಿ?"

"ಊರಿನವರೆಲ್ಲ ಮನೆ ಕೀ ಕೊಟ್ಟು ನಂಬಲ್ವಾ. ಅಲುಗಾಡಿಸ್ಬೇಡಿ ಅಷ್ಟೇ."

ಮಾರನೇ ದಿನ ಬೆಳಿಗ್ಗೆ ಫೋನ್ ಬಂತು. ಆ ಕಡೆಯಿಂದ ಮಷೀನ್ ಸದ್ದಿರಲಿಲ್ಲ. ಉಸಿರು ಮಾತ್ರ.

"ಹೆಪ್ಪಾಯ್ತಾ?" ಅಂತ ಕೇಳಿದೆ.

"ಆಯ್ತು. ಆದ್ರೆ ಅದಕ್ಕಲ್ಲ ಫೋನ್ ಮಾಡಿದ್ದು. ಗುಂಪಿನ ಪ್ರಕಾರ ಕೇಳಬೇಕಾದ್ದು ಕೇಳಿ."

"ಏನು ಬೇಕು ಅನ್ನಿಸ್ತಿದೆ?"

"ನೀನು," ಅಂದ.

"ಎಷ್ಟು ಹೊತ್ತು ಮಾತಾಡಿದ್ರೆ ಇಳಿಯುತ್ತೆ ಈ ಆಸೆ?"

"ಇಳಿಯಲ್ಲ. ಬಂದುಬಿಡು."

ಚಪ್ಪಲಿ ಹಾಕಿಕೊಂಡೆ. ಅಪ್ಪ ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ನನ್ನ ಮುಖ ನೋಡಿ, ಏನೂ ಕೇಳದೆ, ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ನಕ್ಕರು. ಆಗ ಒಳಗೆ, ಕುಡಿಕೆಯೇ ಇಲ್ಲದ ಅಡುಗೆಮನೆಯಲ್ಲಿ, ಯಾರೋ ಮುಚ್ಚಳ ಸರಿಸಿದ ಹಾಗೆ ಸದ್ದಾಯಿತು. ಅಪ್ಪನ ಪೇಪರ್ ಒಂದು ಕ್ಷಣ ಅಲುಗಾಡದೆ ನಿಂತಿತು.

ನಾನು ತಿರುಗಿ ನೋಡಲಿಲ್ಲ.

"ಹೋಗಿ ಬರ್ತೀನಮ್ಮಾ," ಅಂತ ಒಳಗೆ ಕೂಗಿ ಹೇಳಿ ಬಾಗಿಲು ಮುಂದೆ ಹಾಕಿಕೊಂಡು ಹೊರಟೆ.